ಅಪ್ಪನ ಎಡಗೈಯ ಕೆಳಗೆ

ಅತ್ತೆ ಹೇಳುವ ಕಥೆ ಚಿಕ್ಕದು, ಕೇಳುವವರಿಗೆ ಹಿತವಾದದ್ದು. ಪಾರ್ಶ್ವವಾಯು ಹೊಡೆದು ಅಪ್ಪನ ಎಡಗೈ ಸತ್ತುಹೋಗಿತ್ತು. ಶ್ರಾವಣದ ಒಂದು ಸೋಮವಾರ ಅತ್ತೆ, ಅಂದರೆ ಅಪ್ಪನ ಅಕ್ಕ, ಶಿವಮೊಗ್ಗದಿಂದ ಬಿಲ್ವಪತ್ರೆ ಕಟ್ಟಿಕೊಂಡು ಭದ್ರಾವತಿಗೆ ಬಂದರು. ಅವರ ಕಣ್ಣೆದುರಿಗೇ ಆ ಕೈ ಎದ್ದು ನಿಂತು ಲಿಂಗವನ್ನು ಹೊತ್ತುಕೊಂಡಿತು. ಇಷ್ಟೇ. ಇದನ್ನು ಅವರು ಮದುವೆ ಮನೆಗಳಲ್ಲಿ ಹೇಳುತ್ತಾರೆ, ಗೃಹಪ್ರವೇಶಗಳಲ್ಲಿ ಹೇಳುತ್ತಾರೆ, ಒಮ್ಮೆ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬರಿಗೆ ಸೆರಗು ಹಿಡಿದು ನಿಲ್ಲಿಸಿ ಹೇಳಿದ್ದನ್ನು ನಾನೇ ಕಂಡಿದ್ದೇನೆ. "ಹೋಗಿದ್ದನ್ನ ಅವನು ವಾಪಸ್ ಕೊಟ್ಟೇ ಕೊಡ್ತಾನೆ ಕಣಮ್ಮಾ. ನಂಬಿಕೊಂಡು ಕೂತಿರಬೇಕು ಅಷ್ಟೆ." ಆ ಹೆಂಗಸು ಕಣ್ಣೊರೆಸಿಕೊಂಡರು. ಅವರ ಮನೆಯಲ್ಲಿ ಏನು ಹೋಗಿತ್ತೋ.

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಯಾರಾದರೂ ಇಷ್ಟು ಸಲೀಸಾಗಿ ಒಂದು ಮಾತನ್ನು ಮುಗಿಸಿದರೆ ಒಳಗೆ ಏನೋ ತುರಿಸತೊಡಗುತ್ತದೆ. ಕೂತಿರಬೇಕು ಅಷ್ಟೆ ಅಂದರೆ ಏನು? ಕೂತಿದ್ದವರು ಯಾರು? ಆ ಸೋಮವಾರಕ್ಕೆ ಮುಂಚಿನ ಅಷ್ಟೂ ಬೆಳಗುಗಳಲ್ಲಿ ಆ ಲಿಂಗ ಎಲ್ಲಿತ್ತು?

ನ್ಯಾಯವಾಗಿ ಹೇಳಬೇಕೆಂದರೆ ನಾನು ಗೆಳತಿಯರಿಗೆ ಹೇಳುತ್ತಿದ್ದ ಕಥೆಯೂ ಅತ್ತೆಯದಕ್ಕಿಂತ ಉತ್ತಮವಾಗೇನೂ ಇರಲಿಲ್ಲ. "ಫಿಸಿಯೋಥೆರಪಿ ಮಾಡಿಸಿದ್ವಿ, ಸರಿಹೋಯ್ತು." ಅದೂ ಮೂರೇ ಪದ, ಅದೂ ಸಲೀಸು. ಎರಡೂ ಕಥೆಗಳಲ್ಲಿ ಒಂದು ಕೈಯನ್ನು ಬಿಟ್ಟುಬಿಡಲಾಗಿದೆ. ಅದು ನನ್ನದು.

ನಮ್ಮದು ಇಷ್ಟಲಿಂಗ ಕಟ್ಟಿಕೊಳ್ಳುವ ಮನೆ. ಪೂಜೆಗೆ ಗುಡಿ ಬೇಡ, ಪೂಜಾರಿ ಬೇಡ. ಸ್ನಾನವಾದ ಮೇಲೆ ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಳ್ಳಬೇಕು. ಬಲಗೈಯಿಂದ ನೀರು ಎರೆದು, ವಿಭೂತಿ ಧರಿಸಿ, ಪತ್ರೆ ಏರಿಸಬೇಕು. ಆಮೇಲೆ ಆ ಅಂಗೈಯನ್ನು ಎದೆಯ ಎತ್ತರಕ್ಕೆ ತಂದು ರೆಪ್ಪೆ ಮಿಟುಕಿಸದೆ ನೋಡುತ್ತ ಕೂರಬೇಕು. ಇದಾಗದೆ ಅಪ್ಪ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವನು ಕ್ರೇನ್ ಆಪರೇಟರ್. ಮೊದಲನೇ ಶಿಫ್ಟ್ ಇದ್ದ ದಿನ ಕತ್ತಲಲ್ಲೇ ಎದ್ದು, ಸೈರನ್ ಆಗುವುದರೊಳಗೆ ಪೂಜೆ ಮುಗಿಸಿ, ಚಪಾತಿ ಸುರುಳಿಯನ್ನು ಬಾಯಲ್ಲಿ ಕಚ್ಚಿಕೊಂಡು ಸೈಕಲ್ ಹತ್ತುತ್ತಿದ್ದ.

ಕ್ವಾರ್ಟರ್ಸಿನ ಆ ಮನೆ ಈಗಲೂ ನನಗೆ ವಾಸನೆಯಾಗಿಯೇ ನೆನಪಾಗುತ್ತದೆ. ವಿಭೂತಿ, ಒದ್ದೆ ಸಿಮೆಂಟು, ಪಕ್ಕದ ತಮಿಳಿನವರ ಮನೆಯ ಸಾಂಬಾರಿನ ಒಗ್ಗರಣೆ, ಅಪ್ಪನ ಖಾಕಿ ಅಂಗಿಯ ಗ್ರೀಸು. ಅವನು ಪೂಜೆಗೆ ಕೂತಾಗ ನಾನು ಹಿಂದೆ ಗೋಡೆಗೊರಗಿ ಆ ದಿನದ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಪೂಜೆ ಮುಗಿದ ಕೂಡಲೇ ಅವನು ನನ್ನ ವಿರೋಧಿ. "ಸರಿ, ನಾನು ವಿರೋಧ ಮಾತಾಡ್ತೀನಿ. ಶುರು ಹಚ್ಕೋ." ವಿಜ್ಞಾನ ವರವೋ ಶಾಪವೋ, ಹಳ್ಳಿ ಮೇಲೋ ಪಟ್ಟಣ ಮೇಲೋ, ಯಾವುದಾದರೂ ಸರಿ, ಬೂಟಿನ ಲೇಸು ಕಟ್ಟುತ್ತ ಅವನು ನನ್ನ ಒಂದೊಂದು ಅಂಶವನ್ನೂ ಉರುಳಿಸುತ್ತಿದ್ದ. ನಾನು ಅಳುವ ಹೊತ್ತಿಗೆ ಸೈಕಲ್ಲು ತಿರುವಿನಲ್ಲಿರುತ್ತಿತ್ತು.

ಹಾಗಾಗಿ, ಡಿಗ್ರಿ ಎರಡನೇ ವರ್ಷದಲ್ಲಿ ನಾನು ನನ್ನ ಲಿಂಗವನ್ನು ಕಟ್ಟಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದಾಗ ಅದನ್ನು ಅಪ್ಪನ ಮುಂದೆ ಸರಿಯಾಗಿ ಮಂಡಿಸಬೇಕು ಅನ್ನಿಸಿತು. ಒಂದು ಭಾನುವಾರ ಊಟವಾದ ಮೇಲೆ ನಿಂತು ಹೇಳಿದೆ. ನಂಬದೆ ಕಟ್ಟಿಕೊಳ್ಳುವುದು ನಂಬುವವರಿಗೇ ಅವಮಾನ ಅಂದೆ. ಇನ್ನೂ ಏನೇನೋ ಅಂದೆ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಕೇಳಿಸುತ್ತಿತ್ತು. ಅಪ್ಪ ಎಲೆಯಡಿಕೆ ಮೆಲ್ಲುತ್ತ ಪೂರ್ತಿ ಕೇಳಿ, "ಮಾತು ಚೆನ್ನಾಗಿತ್ತು. ಕೊನೇಲಿ ಸ್ವಲ್ಪ ಓಡಿಸ್ದೆ," ಅಂದ. ನನ್ನ ಕರಡಿಗೆಯನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟ. ಒಂದೂ ವಿರೋಧದ ಮಾತಿಲ್ಲ. ಗೆದ್ದೆನೋ ಸೋತೆನೋ ಇವತ್ತಿಗೂ ಗೊತ್ತಾಗಿಲ್ಲ.

ಅವನು ನಿವೃತ್ತನಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಓಲ್ಡ್ ಟೌನಿನ ಒಂದು ಬಾಡಿಗೆ ಮನೆಗೆ ಬಂದೆವು. ನಾನು ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದೆ, ಬೆಳಗಿನ ಬಸ್ಸು, ಸಂಜೆಯ ಬಸ್ಸು. ಆ ಬೇಸಿಗೆಯಲ್ಲಿ ಒಂದು ದಿನ ಅಪ್ಪ ಕಾಫಿ ಲೋಟ ಹಿಡಿದು ಪೇಪರು ಓದುತ್ತ ಕೂತಿದ್ದವನು ಎಡಕ್ಕೆ ವಾಲಿದ. ಲೋಟ ಬಿತ್ತು. ನಮಗೆ ಲೋಟವೇ ಮೊದಲು ಕಂಡದ್ದು. "ನೋಡಿ ಹಿಡ್ಕೋಬಾರ್ದಾ," ಎಂದು ಅಮ್ಮ ಬಟ್ಟೆ ತರಲು ಒಳಗೆ ಹೋದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಕರೆದೊಯ್ಯುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಸಿದರು. ವಾಚು, ಉಂಗುರ, ಕರಡಿಗೆ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನರ್ಸ್ ನನ್ನ ಕೈಗಿತ್ತಳು. ಲಿಂಗ ಮೈಯಿಂದ ಬೇರೆಯಾಗಬಾರದು ಎಂಬುದು ಅಪ್ಪನ ಇಡೀ ಜೀವನದ ನಿಯಮ. ಎಚ್ಚರವಾದಾಗ ಅವನ ಬಲಗೈ ಎದೆಯ ಮೇಲೆ ಹುಡುಕಾಡುತ್ತಿತ್ತು. ನಾಲಿಗೆ ತೊದಲುತ್ತಿತ್ತು. ಅಮ್ಮ ಮತ್ತೆ ಕಟ್ಟಿದ ಮೇಲೆಯೇ ಆ ಕೈ ಸುಮ್ಮನಾದದ್ದು. ಎಡಗೈ ಹಾಸಿಗೆಯ ಅಂಚಿನಲ್ಲಿ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು.

ನೋಡಲು ನೆಂಟರು ಬಂದರು. ಸಾಗರದ ಕಡೆಯ ಒಂದು ಗುಂಪು ದಾರಿಯಲ್ಲಿ ತ್ಯಾವರೆಕೊಪ್ಪದ ಸಫಾರಿಗೂ ಹೋಗಿ ಹುಲಿ ನೋಡಿಕೊಂಡು ಬಂದಿತ್ತು. "ಹೆಂಗೂ ಈ ಕಡೆ ಬಂದಿದ್ವಲ್ಲ ಮಾರಾಯ್ತಿ, ಮಕ್ಕಳು ಬಿಡ್ಲಿಲ್ಲ." ಅಪ್ಪ ತೊದಲುತ್ತಲೇ ಕೇಳಿದ: "ಹುಲಿ, ನಾನು, ಇಬ್ಬರಲ್ಲಿ ಯಾರು ಚೆನ್ನಾಗಿದ್ವಿ?" ಅವನ ನಾಲಿಗೆ ವಾಪಸ್ ಬರುತ್ತಿದೆ ಎಂದು ನನಗೆ ಗೊತ್ತಾದದ್ದು ಆಗ.

ನಿಜವಾದ ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಆಸ್ಪತ್ರೆಯಲ್ಲಿ ಹೇಗೋ ಬಲಗೈಯಿಂದ ಲಿಂಗವನ್ನು ಮುಟ್ಟಿ, ಹಣೆಗೆ ವಿಭೂತಿ ಹಚ್ಚಿ ನಡೆಸಿದ್ದ. ಮನೆಯಲ್ಲಿ ಹಾಗಾಗುವುದಿಲ್ಲ ಅಂದ. ಪೂಜೆಯಿಲ್ಲದೆ ತಿನ್ನುವುದಿಲ್ಲ, ಎಡಗೈಯಿಲ್ಲದೆ ಪೂಜೆಯಿಲ್ಲ, ತಿನ್ನದೆ ಮಾತ್ರೆ ನುಂಗುವಂತಿಲ್ಲ. ಮಾತ್ರೆ ತಪ್ಪಿದರೆ ಇನ್ನೊಂದು ಸಲ ಹೊಡೆಯಬಹುದು ಎಂದು ಡಾಕ್ಟರು ಬಿಡಿಸಿ ಹೇಳಿ ಕಳಿಸಿದ್ದರು.

ನಾನು ವಾದಕ್ಕಿಳಿದೆ. "ಬಲಗೈಯಲ್ಲಿ ಇಟ್ಕೊಳಪ್ಪಾ."

"ಬಲಗೈ ಪೂಜೆ ಮಾಡಕ್ಕೆ. ಎಡಗೈ ಪೀಠ."

"ಹಂಗಾದ್ರೆ ಒಂದು ಮರದ ಪೀಠ ಮಾಡ್ಸೋಣ. ಹಿತ್ತಾಳೇದೇ ತರೋಣ."

"ಹಿತ್ತಾಳೆ ಬಿಸಿ ಇರುತ್ತಾ?"

ಅಮ್ಮ ತನ್ನ ಅಂಗೈಯನ್ನು ಅವನ ಕೈ ಕೆಳಗೆ ಕೊಟ್ಟು ನೋಡಿದಳು. ಆದರೆ ಅವನ ಆ ಜೋತುಬಿದ್ದ ಬೆರಳುಗಳನ್ನು ಮುಟ್ಟಿದ ಕೂಡಲೇ ಅವಳಿಗೆ ಅಳು ಬರುತ್ತಿತ್ತು. ಅತ್ತರೆ ಕೈ ನಡುಗುತ್ತಿತ್ತು. "ಏ, ಬಿಡು ಮಾರಾಯ್ತಿ, ನೀನು ಅತ್ತರೆ ಅಭಿಷೇಕ ಜಾಸ್ತಿ ಆಗ್ತದೆ," ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ.

"ಒಂದು ಕ್ರೇನಿಗೆ ಎತ್ತಕ್ಕಾಗದೆ ಇದ್ರೆ ಏನು ಮಾಡ್ತಿದ್ವಿ ಹೇಳು, ಎಷ್ಟು ಸಲ ಹೇಳಿದೀನಿ ನಿಂಗೆ?"

"ಎರಡು ಕ್ರೇನ್ ಹಚ್ತಿದ್ರಿ."

"ಎರಡನೇ ಕ್ರೇನಿನೋನ ಕೆಲಸ ಏನು?"

"ಸಿಗ್ನಲ್ ನೋಡೋದು."

"ತಲೆ ಓಡಿಸೋದಲ್ಲ. ಮೇಲೆ ಅಂದ್ರೆ ಮೇಲೆ, ನಿಲ್ಲು ಅಂದ್ರೆ ನಿಲ್ಲು. ಆಗುತ್ತಾ ನಿನ್ ಕೈಲಿ?"

ಹೀಗೆ, ಶಿವನನ್ನು ನಂಬದ ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ ಅಪ್ಪನ ಎಡಕ್ಕೆ ಕೂರತೊಡಗಿದೆ. ನನ್ನ ಅಂಗೈ ಮೇಲೆ ಅವನ ಅಂಗೈ, ಅವನ ಅಂಗೈ ಮೇಲೆ ಲಿಂಗ. ಕೆಳಗೆ ನೀರು ಬೀಳಲು ಒಂದು ಹಿತ್ತಾಳೆ ತಟ್ಟೆ. ಮೊದಮೊದಲು ಆ ಕೈ ತಣ್ಣಗೆ ಭಾರವಾಗಿತ್ತು. ಎದೆಯ ಎತ್ತರಕ್ಕೆ ಎತ್ತಿ ಹಿಡಿದರೆ ನನ್ನ ಭುಜ ಸೆಳೆಯುತ್ತಿತ್ತು. ಅವನು ನೋಡುತ್ತಿದ್ದ, ನಾನು ಅವನ ಉಗುರುಗಳ ಸಂದಿಯಲ್ಲಿ ಇನ್ನೂ ಉಳಿದಿದ್ದ ಗ್ರೀಸಿನ ಕಪ್ಪನ್ನು ನೋಡುತ್ತಿದ್ದೆ. ಹೊರಗೆ ಮಾರ್ಕೆಟ್ಟಿನ ಕಡೆಯಿಂದ ಸೊಪ್ಪಿನವರ ಕೂಗು. ಅಡುಗೆಮನೆಯಲ್ಲಿ ಕುಕ್ಕರು. ಪೂಜೆ ಮುಗಿದ ಮೇಲೆ ಗಂಜಿ, ಗಂಜಿಯ ಮೇಲೆ ಮಾತ್ರೆ, ಮಾತ್ರೆಯ ಮೇಲೆ ನನ್ನ ಓಟ. ಶಂಕರಘಟ್ಟದ ಬಸ್ಸಿನ ಕಂಡಕ್ಟರು ನನ್ನ ಅಂಗೈಯ ವಿಭೂತಿ ನೋಡಿ, "ಏನ್ರೀ, ಪರೀಕ್ಷೆನಾ?" ಎಂದು ಕೇಳುತ್ತಿದ್ದರು.

ಅತ್ತೆಗೆ ಇದು ಸರಿಬರಲಿಲ್ಲ. ಬಂದವರೇ ಅಪ್ಪನ ಮುಂದೆ ಕೂತು ಹೇಳಿದರು, "ಅಲ್ಲ ಕಣೋ, ಅವಳ ಮೈಮೇಲೆ ಲಿಂಗ ಇಲ್ಲ. ಲಿಂಗ ಇಲ್ಲದ ಕೈ ಲಿಂಗ ಹಿಡೀಬಹುದೇನೋ?"

"ಅವಳು ಲಿಂಗ ಎಲ್ಲಿ ಹಿಡಿದಳು? ನನ್ ಕೈ ಹಿಡಿದಿದಾಳೆ."

"ತಿಂಗಳ ದಿನಗಳಲ್ಲೂ ಕೂರ್ತಾಳಾ?"

ನಾನು ಎದ್ದು ನಿಂತೆ. ಈ ವಿಷಯದ ಮೇಲೆ ನನ್ನ ಬಳಿ ಎರಡು ಕಾಲೇಜುಗಳಲ್ಲಿ ಬಹುಮಾನ ಗಳಿಸಿದ ಭಾಷಣವಿತ್ತು. ಬಾಯಿ ತೆರೆಯುವುದರೊಳಗೆ ಅಪ್ಪ ಅಂದ, "ಲಿಂಗ ಕಟ್ಕೊಂಡೋರಿಗೆ ಆ ಮೈಲಿಗೆ ಇಲ್ಲ ಅಂತ ನಮ್ಮ ಹಿರೀಕರು ಬಿಸಾಕಿ ಎಷ್ಟು ಕಾಲ ಆಯ್ತು. ನೀನು ಯಾಕಕ್ಕಾ ಅದನ್ನ ಮತ್ತೆ ಎತ್ಕೊಂಡು ಬರ್ತೀಯ? ಕಾಫಿ ಕುಡಿ."

ಭಾಷಣ ಗಂಟಲಲ್ಲೇ ಉಳಿಯಿತು. ಬಹಳ ಬೇಜಾರಾಯಿತು.

ಆ ದಿನಗಳಲ್ಲಿ ನಾವಿಬ್ಬರೂ ಒಂದು ಸಲ ಮಾತ್ರ ನೇರವಾಗಿ ವಾದ ಮಾಡಿದೆವು. ನಾನು ಕೇಳಿದೆ, "ಅಪ್ಪಾ, ವಾಪಸ್ ಕೊಡ್ತಾನೆ, ಕೊಡ್ತಾನೆ ಅಂತೀಯಲ್ಲ. ಕೊಡೋನು ತಗೊಂಡಿದ್ದು ಯಾಕೆ?"

"ತಗೊಂಡೋನು ಅವನು ಅಂತ ಯಾರು ಹೇಳಿದ್ದು? ಬಿಪಿ ಮಾತ್ರೆ ನುಂಗದೆ ಕಿಟಕಿಯಿಂದ ಎಸೀತಿದ್ದೋನು ನಾನು."

"ಹಂಗಾದ್ರೆ ಕೊಡೋನು ಮಾತ್ರ ಅವನು ಹೆಂಗಾದ?"

"ನನ್ ಕೈಲಿ ಕೊಡಕ್ಕಾಗಲ್ವಲ್ಲ, ಅದಕ್ಕೆ."

ತರ್ಕದಲ್ಲಿ ಇದು ಎಲ್ಲಿ ಜಾರುತ್ತದೆ ಎಂದು ನಾನು ತೋರಿಸಬಲ್ಲೆ. ಆಗಲೂ ತೋರಿಸಬಹುದಿತ್ತು. ತೋರಿಸಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಫಿಸಿಯೋಥೆರಪಿಗೆ ಒಬ್ಬ ಯುವಕ ಬರುತ್ತಿದ್ದ. ರಬ್ಬರ್ ಚೆಂಡನ್ನು ಕೊಟ್ಟು, "ಸರ್, ಹಿಚುಕಿ," ಅನ್ನುತ್ತಿದ್ದ. ಅಪ್ಪ ಚೆಂಡನ್ನು ನೋಡುತ್ತಿದ್ದ, ಚೆಂಡು ಅಪ್ಪನನ್ನು ನೋಡುತ್ತಿತ್ತು. ಒಮ್ಮೆ ಬೇಗ ಬಂದವನು ನಮ್ಮ ಪೂಜೆಯನ್ನು ಬಾಗಿಲಲ್ಲೇ ನಿಂತು ನೋಡಿದ. "ಮೇಡಂ, ಇದನ್ನ ನಿಲ್ಲಿಸ್ಬೇಡಿ. ಬೆರಳು ಬಿಡಿಸಿ ಹಿಡಿಯೋದು, ಆ ಕೈಯನ್ನೇ ದಿಟ್ಟಿಸಿ ನೋಡೋದು, ಅಲ್ಲಾಡದೆ ಇರೋದು, ನಾನು ಹೇಳೋದೂ ಅದೇ."

"ಕೇಳಿದ್ಯೇನಪ್ಪಾ? ಇದು ವಿಜ್ಞಾನ," ಅಂದೆ ನಾನು.

"ಆಗ್ಲಿ. ಅವನಿಗೂ ಒಂದು ಬಿಲ್ವಪತ್ರೆ ಕೊಡು."

ಆದರೆ ಕೈ ಬರಲಿಲ್ಲ. ಜೋತುಬಿದ್ದದ್ದು ಬಿಗಿಯತೊಡಗಿತು. ಬೆರಳುಗಳು ಒಳಕ್ಕೆ ಮಡಚಿಕೊಂಡು ಮುಷ್ಟಿಯಾದವು. ಪ್ರತಿ ಬೆಳಿಗ್ಗೆ ಬಿಸಿನೀರಿನ ಬಟ್ಟೆ ಸುತ್ತಿ ಒಂದೊಂದೇ ಬೆರಳನ್ನು ಬಿಡಿಸಬೇಕು. ಅವನು ಹಲ್ಲು ಕಚ್ಚುತ್ತಿದ್ದ. ಶೇಂಗಾ ಸುಲಿದ ಹಾಗೆ ಸುಲೀತೀಯಲ್ಲೇ ಎನ್ನುತ್ತಿದ್ದವನು ಬರಬರುತ್ತ ಅದನ್ನೂ ಅನ್ನದಾದ. ಯಾರ ಜೊತೆಗೂ ಮಾತಿಲ್ಲ. ಹಳೆಯ ಸಹೋದ್ಯೋಗಿಗಳು ಬಂದರೆ ಹೊದ್ದುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಒಂದು ಬೆಳಿಗ್ಗೆ, ನೀರೆರೆದು ಪತ್ರೆ ಏರಿಸುವ ಹೊತ್ತಿಗೆ, ಆ ಬೆರಳುಗಳು ತಾವಾಗಿಯೇ ಒಮ್ಮೆ ಸೆಟೆದವು. ಲಿಂಗ ಜಾರಿತು. ತಟ್ಟೆಯ ನೀರಿಗೆ ಬಿದ್ದ ಸದ್ದು ದೊಡ್ಡದೇನಲ್ಲ. ಆದರೆ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು.

ಕೈಯಿಂದ ಲಿಂಗ ಬೀಳುವುದೆಂದರೆ ನಮ್ಮವರಲ್ಲಿ ಏನು ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ಹಿಂದೆ ಅದಕ್ಕಾಗಿ ಪ್ರಾಣ ಬಿಟ್ಟವರ ಕಥೆಗಳನ್ನು ಕೇಳಿಕೊಂಡೇ ಅಪ್ಪ ಬೆಳೆದವನು. ಅಮ್ಮ ಅತ್ತೆಗೆ ಫೋನು ಮಾಡಿದಳು. ಅತ್ತೆ, ಇದು ಒಳ್ಳೇದಕ್ಕಲ್ಲ, ಮೊದಲು ಮಠಕ್ಕೆ ಹೋಗಿ ಕೇಳಿ ಅಂದರು. ಫೋನಿನ ದನಿ ಅಪ್ಪನಿಗೆ ಕೇಳಿಸಿತ್ತು. ಅವನು ಲಿಂಗವನ್ನು ಬಲಗೈಯಿಂದ ಎತ್ತಿ, ಒರೆಸಿ, ಕರಡಿಗೆಗೆ ಹಾಕಿದ. ಗಂಜಿ ಬೇಡ ಅಂದ. ಮಾತ್ರೆ ಬೇಡ ಅಂದ. ಮಧ್ಯಾಹ್ನವಾಯಿತು. ನಾನು ಅವತ್ತು ಬಸ್ಸಿಗೆ ಹೋಗಲಿಲ್ಲ.

"ಅವನಿಗೇ ನಾನು ಬೇಡ ಅನ್ಸುತ್ತೆ ಪುಟ್ಟೀ," ಅಂದ. "ನಾನೇ ಸುಮ್ನೆ ಹಟ ಮಾಡ್ತಿದೀನಿ. ಕೊಡಲ್ಲ ಅವನು. ಇನ್ನು ಸಾಕು."

ನನಗೆ ಭಯವಾಯಿತು. ಪಾರ್ಶ್ವವಾಯು ಹೊಡೆದ ದಿನವೂ ಆಗದಷ್ಟು ಭಯ. ಈ ಮನೆಯಲ್ಲಿ ನಂಬುವ ಕೆಲಸ ಅವನದು, ಅನುಮಾನಿಸುವ ಕೆಲಸ ನನ್ನದು. ಅವನು ಈಗ ನನ್ನ ಕಡೆಯ ಕುರ್ಚಿಯಲ್ಲಿ ಬಂದು ಕೂತುಬಿಟ್ಟಿದ್ದ. ಎದುರುಗಡೆಯ ಕುರ್ಚಿ ಖಾಲಿ.

ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಎಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಬಂದ ಪಕ್ಷವನ್ನು ಮಾತಾಡಬೇಕು, ಅಷ್ಟೆ. ನಾನು ಎದ್ದು ನಿಂತೆ.

"ಲಿಂಗ ಎಲ್ಲಿಗೆ ಬಿತ್ತು ಅಪ್ಪಾ?"

ಅವನು ಬಲಗೈಯನ್ನು ಕರಡಿಗೆಯ ಮೇಲೆ ಇಟ್ಟುಕೊಂಡ.

"ತಟ್ಟೆಗೆ ಬಿತ್ತು. ಆ ತಟ್ಟೆ ಯಾಕಿಟ್ಟಿದ್ದು? ನೀನಿಟ್ಟಿದ್ದಲ್ಲ, ನಿನ್ನ ಅಪ್ಪನೂ ಇಡ್ತಿದ್ರು, ಅವರಪ್ಪನೂ ಇಡ್ತಿದ್ರು. ನೀರು ಬೀಳಕ್ಕೆ ಅಂತೀಯ. ನೀರು ಯಾಕೆ ಬೀಳುತ್ತೆ? ಮನುಷ್ಯನ ಕೈ ಬೋಗುಣಿ ಅಲ್ಲ, ಸಂದಿ ಇರುತ್ತೆ, ನಡುಗುತ್ತೆ. ಅದು ಗೊತ್ತಿದ್ದೇ ಕೆಳಗೆ ತಟ್ಟೆ ಇಟ್ರು. ಪೂಜೆ ಆದ್ಮೇಲೆ ಇಡೀ ದಿನ ಅಂಗೈಲೇ ಇಟ್ಕೊಂಡು ತಿರುಗು ಅಂತ ಯಾಕೆ ಹೇಳ್ಲಿಲ್ಲ? ಕರಡಿಗೆ ಮಾಡಿದ್ರು, ದಾರ ಕಟ್ಟಿದ್ರು, ಕೊರಳಿಗೆ ಹಾಕಿದ್ರು. ಕೈಯ ಮೇಲೆ ಅವರಿಗೆ ನಂಬಿಕೆ ಇರ್ಲಿಲ್ಲ ಅಪ್ಪಾ. ನಿನ್ನ ಶಿವನಿಗೂ ಇಲ್ಲ. ನೀನು ಗಟ್ಟಿಯಾಗಿ ಹಿಡ್ಕೊಂಡಿದ್ದಕ್ಕೆ ಅವನು ಇಷ್ಟು ವರ್ಷ ನಿನ್ನ ಹತ್ರ ಇದ್ದ ಅಂದ್ಕೊಂಡಿದೀಯಾ? ಎಷ್ಟು ಅಹಂಕಾರ ನಿಂಗೆ! ಸ್ಕ್ಯಾನಿಗೆ ಹೋದಾಗ ಪ್ಲಾಸ್ಟಿಕ್ ಕವರಲ್ಲಿ ವಾಚಿನ ಜೊತೆ ಕೂತಿದ್ನಲ್ಲ, ಬಿಟ್ಟು ಹೋದ್ನಾ? ಬೀಳದೆ ಇರೋರ ದೇವರಾಗಿದ್ರೆ ಗುಡಿಯೊಳಗೆ ಕಲ್ಲಿಗೆ ಕಚ್ಕೊಂಡು ಇರ್ತಿದ್ದ. ಬೀಳೋ ಕೈಗೇ ಬಂದು ಕೂತಿದಾನೆ ಅಂದ್ರೆ, ಬೀಳೋದನ್ನ ಲೆಕ್ಕಕ್ಕೆ ಹಿಡಿದೇ ಬಂದಿದಾನೆ."

ಇನ್ನೂ ಇತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ನನ್ನ ದನಿ ಕೊನೆಕೊನೆಗೆ ಎಲ್ಲೆಲ್ಲೋ ಹೋಯಿತು. ವಾಕ್ಯ ಮುಗಿಸದೆ ನಿಲ್ಲಿಸಿದ್ದು ಅದೇ ಮೊದಲು.

ಅಪ್ಪ ಅಂದ, "ಚೆನ್ನಾಗಿ ಮಾತಾಡ್ದೆ. ನಂಬಿ ಹೇಳಿದ್ಯಾ?"

ಸುಳ್ಳು ಹೇಳಬಹುದಿತ್ತು. "ಇಲ್ಲಪ್ಪ."

"ಪರವಾಗಿಲ್ಲ," ಅಂದ. "ಗಂಜಿ ತಾ."

ಬಿಸಿನೀರು ಕಾಯಿಸಿಕೊಂಡು ಬಂದೆ. ಬೆರಳು ಬಿಡಿಸಿದೆ. ಆ ಮಧ್ಯಾಹ್ನ ಮತ್ತೊಮ್ಮೆ ಮೊದಲಿನಿಂದ ಪೂಜೆಯಾಯಿತು. ಗಂಜಿ ಕುಡಿದ, ಮಾತ್ರೆ ನುಂಗಿದ, ಗೋಡೆಯ ಕಡೆಗಲ್ಲದೆ ನಮ್ಮ ಕಡೆ ತಿರುಗಿ ಮಲಗಿದ.

ಅಲ್ಲಿಂದಾಚೆಯ ದಿನಗಳು ನನಗೆ ಒಂದೇ ಒಂದು ದೀರ್ಘ ಬೆಳಗಾಗಿ ನೆನಪಿವೆ. ಭಯ ಹೋಗಿತ್ತು. ಲಿಂಗ ಇನ್ನೊಂದು ಸಲವೂ ಜಾರಿತು. ಅಪ್ಪ "ತಟ್ಟೆ ಇದೆಯಲ್ಲ," ಎಂದು ಎತ್ತಿಕೊಂಡ. ಪೂಜೆಯ ನಡುವೆಯೇ ನನ್ನ ಪ್ರಬಂಧದ ಬಗ್ಗೆ ವಿಚಾರಿಸುತ್ತಿದ್ದ, ನೋಟವನ್ನು ಮಾತ್ರ ಕದಲಿಸದೆ. ನಾನು ಏನಾದರೂ ಹೇಳಿದರೆ, "ಇದಕ್ಕೆ ವಿರೋಧ ಏನು ಗೊತ್ತಾ?" ಎಂದು ಶುರುಮಾಡುತ್ತಿದ್ದ. ಬಾಗಿಲಿನ ಬಿಸಿಲು ಚಾಪೆಯ ಅಂಚಿಗೆ ಬಂದಾಗ ಮುಗಿಸುವುದು ಎಂದು ಯಾರೂ ಹೇಳದೆ ರೂಢಿಯಾಯಿತು. ಕ್ವಾರ್ಟರ್ಸಿನ ದಿನಗಳಲ್ಲಿ ಶಿಫ್ಟು ಕಸಿದುಕೊಂಡಿದ್ದ ಬೆಳಗುಗಳೆಲ್ಲ ಆ ವರ್ಷ ನಮಗೆ ಸಿಕ್ಕವು. ಮುಷ್ಟಿ ಸಡಿಲವಾಗುತ್ತ ಬಂತು. ಮೊದಲು ಕಿರುಬೆರಳು, ಆಮೇಲೆ ಮಿಕ್ಕವು. ಹೆಬ್ಬೆರಳು ಮಾತ್ರ ತನ್ನದೇ ಯೋಚನೆಯಲ್ಲಿತ್ತು.

ಹೀಗಿರುವಾಗ ಒಂದು ದಿನ, ಹಾಲು ತರಲು ಹೋದವಳು ವಾಪಸ್ ಬರುತ್ತಿದ್ದೆ. ಅಮ್ಮ ಹಿತ್ತಲಲ್ಲಿದ್ದಳು. ಕಿಟಕಿಯಿಂದ ಅಪ್ಪ ಕಂಡ. ಚಾಪೆಯ ಮೇಲೆ ಕೂತಿದ್ದ. ಎಡಗೈ ಎದೆಯ ಎತ್ತರದಲ್ಲಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಅಂಗೈಯಲ್ಲಿ ಲಿಂಗ, ಮುಂಗೈಯಲ್ಲಿ ತೆಳುವಾದ ಒಂದು ನಡುಕ. ಅವನು ನೋಡುತ್ತಿದ್ದ ರೀತಿಯಲ್ಲಿ ಅಚ್ಚರಿಯಿರಲಿಲ್ಲ. ಇವತ್ತೇ ಮೊದಲಾಗಿದ್ದರೆ ಅವನು ಕೂಗುತ್ತಿದ್ದ, ಅಮ್ಮನನ್ನು ಕರೆಯುತ್ತಿದ್ದ. ಸುಮ್ಮನೆ ಕೂತಿದ್ದ, ರೂಢಿಯಾದವನ ಹಾಗೆ.

ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಸದ್ದಾಯಿತು. ಅವನು ಲಿಂಗವನ್ನು ಬಲಗೈಗೆ ತೆಗೆದುಕೊಂಡ. ಎಡಗೈಯನ್ನು ನಿಧಾನವಾಗಿ ತೊಡೆಯ ಮೇಲಿಳಿಸಿ, ಬೆರಳುಗಳನ್ನು ಮಡಚಿಟ್ಟ.

"ಎಲ್ಲಿಗೆ ಹೋಗಿದ್ಯೇ? ಹೊತ್ತಾಯ್ತು, ಬಾ ಕೂತ್ಕೋ."

ನಾನು ಹಾಲಿನ ಪಾತ್ರೆ ಇಟ್ಟು, ಕೈ ತೊಳೆದು ಕೂತೆ. ಅಂಗೈ ಕೊಟ್ಟೆ. ಅವನು ತನ್ನದನ್ನು ಅದರ ಮೇಲಿಟ್ಟ. ಬೆಚ್ಚಗಿತ್ತು. ಮರುದಿನವೂ ಕರೆದ, ಕೂತೆ. ಅದರ ಮರುದಿನವೂ. ಎಲ್ಲದಕ್ಕೂ ಪ್ರಶ್ನೆ ಎತ್ತುವ ನಾನು ಆ ಒಂದನ್ನು ಮಾತ್ರ ಎತ್ತಲಿಲ್ಲ. ಎತ್ತಿದರೆ ಬೆಳಗುಗಳು ಮುಗಿದುಹೋಗುತ್ತವೆ ಎಂದು ಗೊತ್ತಿತ್ತು.

ಆಮೇಲೆ ಅತ್ತೆಯ ಸೋಮವಾರ ಬಂತು. ಅವರು ಪತ್ರೆಯ ಬುಟ್ಟಿ ಹಿಡಿದು ಬಂದು ಕೂತರು. ನಾನು ಎಂದಿನಂತೆ ಎಡಕ್ಕೆ ಕೂರಲು ಹೋದೆ. ಅಪ್ಪ ಕಣ್ಣಲ್ಲೇ ಬೇಡ ಅಂದ. ಎರಡನೇ ಕ್ರೇನಿನವರಿಗೆ ಕೊಡುವ ಸಿಗ್ನಲ್ಲು. ಲಿಂಗವನ್ನು ಎಡ ಅಂಗೈಗಿಟ್ಟು ಎತ್ತಿದ. ಅತ್ತೆ ಚೀರಿದರು, ಅತ್ತರು, ಅವನ ಪಾದಕ್ಕೇ ಬಿದ್ದರು, ತಮ್ಮನೆಂಬುದನ್ನೂ ಮರೆತು. ಅಮ್ಮ ಕಂಬ ಹಿಡಿದು ನಿಂತಿದ್ದಳು. ನಾನು ನನ್ನ ಖಾಲಿ ಅಂಗೈಯನ್ನು ಎಲ್ಲಿಡುವುದೆಂದು ತಿಳಿಯದೆ ದುಪಟ್ಟಾದಲ್ಲಿ ಒರೆಸಿಕೊಂಡೆ, ಒರೆಸಲು ಏನೂ ಇರದಿದ್ದರೂ.

ವಾಪಸ್ ಬಂದದ್ದು ಹಳೆಯ ಕೈಯಲ್ಲ. ಅದನ್ನು ಅತ್ತೆ ಹೇಳುವುದಿಲ್ಲ. ಆ ಕೈ ಈಗಲೂ ಅಂಗಿಯ ಗುಂಡಿ ಹಾಕಲಾರದು, ಲೋಟ ಹಿಡಿಯಲಾರದು, ಹೆಬ್ಬೆರಳು ಕಿರುಬೆರಳನ್ನು ಮುಟ್ಟಲಾರದು. ಹಿಡಿಯುವ ಕೆಲಸಕ್ಕೆ ಬಾರದು, ಹೊರುವ ಕೆಲಸಕ್ಕೆ ಬಂದೀತು. "ಇಷ್ಟೇನಾ ಕೊಟ್ಟಿದ್ದು?" ಎಂದು ಒಮ್ಮೆ ಕೆಣಕಿದೆ. "ಹಳೇದನ್ನೇ ಕೊಡ್ತಾನೆ ಅಂತ ನಾನೆಲ್ಲಿ ಹೇಳ್ದೆ?" ಅಂದ. "ನಂಗೆ ಬೇಕಾಗಿದ್ದು ಬಂತು." ಬೇಕಾಗಿದ್ದು ಏನೆಂದು ಬಿಡಿಸಿ ಹೇಳಲಿಲ್ಲ. ನಾನು ಶಿವನನ್ನು ಈಗಲೂ ನಂಬುವುದಿಲ್ಲ, ಇದನ್ನು ಯಾರೂ ತಪ್ಪು ತಿಳಿಯಬಾರದು. ಆದರೆ ಯಾರಾದರೂ ನನ್ನೆದುರು ಮುಖ ಕೆಳಗೆ ಹಾಕಿ ಇನ್ನು ಸಾಕು ಅಂದರೆ, ಆ ಮಧ್ಯಾಹ್ನದ ಭಾಷಣವನ್ನು ಮತ್ತೆ ಮಾಡುತ್ತೇನೆ. ಎರಡು ಸಲ ಮಾಡಿದ್ದೇನೆ ಕೂಡ. ಒಮ್ಮೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಒಮ್ಮೆ ನನಗೆ ನಾನೇ.

ಈಗ ನಾನು ಶಿವಮೊಗ್ಗದಲ್ಲಿ ಪಾಠ ಮಾಡುತ್ತೇನೆ, ಅಲ್ಲೇ ರೂಮು ಮಾಡಿಕೊಂಡಿದ್ದೇನೆ. ಭಾನುವಾರ ಭದ್ರಾವತಿಗೆ ಹೋಗುತ್ತೇನೆ. ನಾನು ಹೋಗುವ ಹೊತ್ತಿಗೆ ಅಪ್ಪನ ಪೂಜೆ ಮುಗಿದಿರುತ್ತದೆ. ಹೋದ ವಾರ ಅವನು ಜಗುಲಿಯಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಮನೆಗೆ ಬಂದಿದ್ದ ಅತ್ತೆ ಒಳಗೆ ಫೋನಿನಲ್ಲಿ ಯಾರಿಗೋ ಆ ಸೋಮವಾರದ ಕಥೆ ಹೇಳುತ್ತಿದ್ದರು. ಅವನು ಕೇಳಿಸಿಕೊಂಡು ಸಣ್ಣಗೆ ನಗುತ್ತಿದ್ದ. ನಾನು ಅವನ ಎಡಕ್ಕೆ ಹೋಗಿ ಕೂತು ಕೊನೆಗೂ ಕೇಳಿದೆ:

"ಅಪ್ಪಾ, ನಿನ್ನ ಕೈ ತಾನಾಗೇ ನಿಂತ ಮೇಲೂ ನನ್ನನ್ನ ಯಾಕೆ ಕರೀತಿದ್ದೆ?"